ಜಾಡ್ಯಕಾಲದ ಗೃಹಜೀವನ

ಚರಿತ್ರೆಯನ್ನು ಬರೆಯುವವರು ಯುದ್ಧಗಳನ್ನೂ ಸಂಧಿಗಳನ್ನೂ, ಅರಸರ ಪಟ್ಟಾಭಿಷೇಕಗಳನ್ನೂ ಮಂತ್ರಿಗಳ ಏಳುಬೀಳುಗಳನ್ನೂ ವಿಸ್ತಾರವಾಗಿ ಬರೆದಿಡುತ್ತಾರೆ. ಸಾಂಕ್ರಾಮಿಕ ಜಾಡ್ಯಗಳ ಮಾತು ಬಂದಾಗಲಾದರೋ, ಸತ್ತವರ ಸಂಖ್ಯೆಯನ್ನೂ ಸರ್ಕಾರದವರು ಹೊರಡಿಸಿದ ಆಜ್ಞೆಗಳನ್ನೂ ಒಂದೆರಡು ಪುಟಗಳಲ್ಲಿ ಹೇಳಿ ಮುಂದಕ್ಕೆ ಸಾಗುವುದು ವಾಡಿಕೆ. ಆದರೆ ಜಾಡ್ಯದೊಡನೆ ಜನರು ನಡೆಯಿಸಿದ ಹೋರಾಟವು ಬಹುಮಟ್ಟಿಗೆ ಪಡಸಾಲೆಯಲ್ಲಿಯೂ ಅಡಿಗೆಯ ಮನೆಯಲ್ಲಿಯೂ ಬಚ್ಚಲಿನಲ್ಲಿಯೂ ನಡೆದುದರಿಂದ, ಆ ಕಾಲದ ಗೃಹಜೀವನವನ್ನು ತಿಳಿಯದೆ ಜಾಡ್ಯದ ಚರಿತ್ರೆಯು ಪೂರ್ಣವಾಗಲಾರದು.

ಕನ್ನಡ ನಾಡಿನಲ್ಲಿ ಸುಮಾರು ಒಂದೂಕಾಲು ಶತಮಾನದೊಳಗೆ ಮೂರು ಮಹಾವ್ಯಾಧಿಗಳು ಮನೆಮನೆಯನ್ನೂ ಮುಟ್ಟಿ ಹೋದುವು. ೧೮೯೮ರ ಪ್ಲೇಗು ಮನೆಯನ್ನು ಬಿಟ್ಟು ಹೊರಡೆಂದಿತು. ೧೯೧೮ರ ಇನ್‌ಫ್ಲುಯೆಂಜಾ ಎಲ್ಲಿಗೂ ಹೊರಡಲಾಗದಂತೆ ಮನೆಮಂದಿಯನ್ನೆಲ್ಲ ಒಮ್ಮೆಗೇ ಮಲಗಿಸಿತು. ೨೦೨೦ರ ಕೊರೋನಾ ಹೊಸ್ತಿಲನ್ನು ದಾಟಬೇಡವೆಂದಿತು. ಕಟ್ಟಳೆಯು ಒಂದೊಂದು ಕಾಲಕ್ಕೆ ಒಂದೊಂದು ಬಗೆಯಾದರೂ, ಅದನ್ನು ನಡೆಯಿಸಿಕೊಡಬೇಕಾದ ಹೊಣೆಯು ಪ್ರತಿಯೊಂದು ಸಲವೂ ಸಂಸಾರದ ಮೇಲೆಯೇ, ಅದರಲ್ಲಿಯೂ ಹೆಚ್ಚಾಗಿ ಹೆಂಗಸರ ಮೇಲೆಯೇ ಬಿದ್ದಿತು. ಈ ಮೂರು ಕಾಲಗಳ ಮನೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ಈ ಮಾತಿನ ನಿಜವು ಗೋಚರವಾಗುವುದು.

ಪ್ಲೇಗು ೧೮೯೬ರಲ್ಲಿ ಮುಂಬಯಿಯ ಬಂದರಿನಲ್ಲಿ ಕಾಣಿಸಿಕೊಂಡು, ರೈಲಿನ ದಾರಿಯನ್ನು ಹಿಡಿದು ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, ೧೮೯೮ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು. ಈ ಜಾಡ್ಯಕ್ಕೆ ಕಾರಣವಾದ ಕ್ರಿಮಿಯನ್ನು ಯೆರ್ಸಿನ್ ಎಂಬ ಪಂಡಿತನು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಮನುಷ್ಯರಿಗೆ ತಂದುಮುಟ್ಟಿಸುವುದೆಂದು ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ೧೮೯೮ರಲ್ಲಿಯೇ ತೋರಿಸಿಕೊಟ್ಟನಾದರೂ, ಆ ಮಾತನ್ನು ವಿದ್ವಾಂಸರು ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷಗಳು ಹಿಡಿದುವು. ಹಳ್ಳಿಯ ಜನರಿಗೆ ಈ ಶಾಸ್ತ್ರವೊಂದೂ ತಿಳಿಯದು. ಆದರೆ ಅಟ್ಟದಿಂದ ಇಲಿಯು ತೂರಾಡುತ್ತ ಬಂದು ನಡುಮನೆಯಲ್ಲಿ ಬಿದ್ದು ಸತ್ತರೆ, ಹಿಂದೆಯೇ ಮನುಷ್ಯರೂ ಬೀಳುವರೆಂಬುದನ್ನು ಅವರು ಕಣ್ಣಾರೆ ಕಂಡುಕೊಂಡರು. ‘ಇಲಿ ಬಿತ್ತು’ ಎಂಬ ಎರಡೇ ಮಾತು ಊರನ್ನು ಖಾಲಿಮಾಡಿಸುತ್ತಿದ್ದಿತು. ಇಲಿಯನ್ನೂ ಚಿಗಟವನ್ನೂ ಹಿಂದೆ ಬಿಟ್ಟು ಬಯಲಿಗೆ ಹೋಗುವುದೇ ಆ ಕಾಲಕ್ಕೆ ಸರಿಯಾದ ಉಪಾಯವಾಗಿದ್ದಿತೆಂದು ಈಗ ನಿಸ್ಸಂದೇಹವಾಗಿ ಹೇಳಬಹುದು.

ಆದರೆ ಮನೆಯನ್ನು ಬಿಡುವುದು ಹೇಳಿದಷ್ಟು ಸುಲಭವೆ? ಊರ ಹೊರಗಣ ಹೊಲದಲ್ಲಿಯೋ ತೋಪಿನಲ್ಲಿಯೋ ಬಿದಿರಿನ ಗಳುಗಳನ್ನು ನೆಟ್ಟು, ತಡಿಕೆ ಕಟ್ಟಿ, ತೆಂಗಿನ ಗರಿಯನ್ನೋ ಹುಲ್ಲನ್ನೋ ಹೊದಿಸಿ ಗುಡಿಸಲು ಮಾಡಬೇಕು. ದವಸದ ಮೂಟೆ, ನೀರಿನ ಹಂಡೆ, ಮಗುವಿನ ತೊಟ್ಟಿಲು, ದೇವರ ಪೆಟ್ಟಿಗೆ, ಹಾಲು ಕರೆಯುವ ಹಸು ಎಲ್ಲವೂ ಅಲ್ಲಿಗೆ ಹೋಗಬೇಕು. ಮೂರು ಕಲ್ಲುಗಳನ್ನಿಟ್ಟು ಒಲೆ ಹೂಡಿ, ಗಾಳಿಗೆ ಬೆಂಕಿಯು ಹಾರಿ ತಡಿಕೆಗೆ ಹತ್ತದಂತೆ ಕಾಯುತ್ತ ಅಡಿಗೆ ಮಾಡಬೇಕು. ಮನೆಯಲ್ಲಿ ಹತ್ತು ಹೆಜ್ಜೆಗೆ ಸಿಗುತ್ತಿದ್ದ ನೀರನ್ನು ದೂರದಿಂದ ಹೊತ್ತುತರಬೇಕು. ಬಸುರಿಯರೂ ಬಾಣಂತಿಯರೂ ಮುದುಕರೂ ಅದೇ ಸೋಗೆಯ ಕೆಳಗೆ ಮಳೆಚಳಿಗಳನ್ನು ಕಳೆಯಬೇಕು. ಉಳ್ಳವರಿಗೆ ತೋಟದ ಮನೆಯೋ ನೆಂಟರ ಊರೋ ಇದ್ದಿತು. ಇಲ್ಲದವರಿಗೆ ತಡಿಕೆಯೇ ಗತಿ. ಇಷ್ಟಾಗಿಯೂ ಬೀಗ ಹಾಕಿದ ಮನೆಯಲ್ಲಿ ಮರೆತ ಪಾತ್ರೆಯೊಂದನ್ನು ತರಲು ಹೋದವರಿಗೆ ಅಲ್ಲಿಯೇ ಸೋಂಕು ತಗುಲುವ ಭಯವು ತಪ್ಪುತ್ತಿರಲಿಲ್ಲ. ಒಂದು ವರ್ಷ ಬಂದು ನಿಂತುಹೋದ ಜಾಡ್ಯವೂ ಇದಾಗಿರಲಿಲ್ಲ. ಮುಂದಿನ ನಾಲ್ಕು ದಶಕಗಳಲ್ಲಿ ಅದು ಮತ್ತೆ ಮತ್ತೆ ಬಂದುದರಿಂದ, ಊರನ್ನು ಬಿಡುವುದೂ ಊರಿಗೆ ಮರಳುವುದೂ ಅನೇಕ ಹಳ್ಳಿಗಳಲ್ಲಿ ಬೇಸಾಯದ ಕೆಲಸಗಳಂತೆ ಒಂದು ಅಭ್ಯಾಸವೇ ಆಗಿಹೋಯಿತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವೆಂಬ ಕಾದಂಬರಿಯಲ್ಲಿ ತುಮಕೂರು ಸೀಮೆಯ ಇಂತಹ ಒಂದು ಸಂಸಾರದ ಚಿತ್ರವಿರುವುದು ವಾಚಕರಿಗೆ ತಿಳಿದೇ ಇದೆ.

ಜಾಡ್ಯದ ಜತೆಯಲ್ಲಿ ಸರ್ಕಾರವೂ ಮನೆಯೊಳಕ್ಕೆ ಬಂದಿತು. ೧೮೯೭ರ ಫೆಬ್ರವರಿಯಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ, ಮನೆಗಳನ್ನು ಶೋಧಿಸುವುದಕ್ಕೂ ರೋಗಿಗಳನ್ನು ಬೇರ್ಪಡಿಸುವುದಕ್ಕೂ ಅಧಿಕಾರಿಗಳಿಗೆ ಬಲವನ್ನು ಕೊಟ್ಟರು. ಪುಣೆಯಲ್ಲಿ ಸಿಪಾಯಿಗಳು ಅಡಿಗೆಯ ಮನೆ ದೇವರ ಮನೆಗಳೆನ್ನದೆ ನುಗ್ಗಿದುದರಿಂದ ಜನರ ಕೋಪವು ಮಿತಿಮೀರಿ, ಪ್ಲೇಗಿನ ಅಧಿಕಾರಿಯಾದ ರ‍್ಯಾಂಡನು ಅದೇ ವರ್ಷದ ಜೂನ್ ೨೨ರ ರಾತ್ರಿ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದನು. ರೋಗಿಯನ್ನು ಬಚ್ಚಿಡುವುದು ಅಪರಾಧವೆಂದು ಸರ್ಕಾರವು ಹೇಳಿದರೆ, ರೋಗಿಯನ್ನು ಪರರ ಕೈಗೆ ಒಪ್ಪಿಸುವುದು ಪಾಪವೆಂದು ಮನೆಯು ಹೇಳುತ್ತಿದ್ದಿತು. ಈ ಎರಡು ಧರ್ಮಗಳ ನಡುವೆ ಸಿಕ್ಕಿಕೊಂಡವರು ತಾಯಂದಿರು. ಮಗುವಿನ ತೊಡೆಸಂದಿನಲ್ಲಿ ಗಂಟು ಕಂಡ ತಾಯಿಯು ಅದನ್ನು ಹೇಳಬೇಕೆ, ಮುಚ್ಚಿಡಬೇಕೆ ಎಂಬ ಪ್ರಶ್ನೆಗೆ ಯಾವ ಕಾಯಿದೆಯಲ್ಲಿಯೂ ಉತ್ತರವಿರಲಿಲ್ಲ.

ಪ್ಲೇಗಿನ ತರುವಾಯ ಬೆಂಗಳೂರಿನ ಮುಖವೇ ಬದಲಾಯಿತು. ಮೊದಲೇ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳಿಗೆ ಜನರು ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದು ನೆಲೆಸತೊಡಗಿದರು. ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಗಾಳಿಬೆಳಕು ಬರುವ ಕಿಟಕಿ ಇವು ಮನೆ ಕಟ್ಟುವವರ ಆಸೆಗಳಾದುವು. ೧೮೯೧ರ ಖಾನೇಷುಮಾರಿಯಲ್ಲಿ ಪೇಟೆ ದಂಡುಗಳೆರಡೂ ಸೇರಿ ೧,೮೦,೩೬೬ ಇದ್ದ ಬೆಂಗಳೂರಿನ ಜನಸಂಖ್ಯೆಯು ೧೯೦೧ರಲ್ಲಿ ೧,೫೯,೦೪೬ಕ್ಕೆ ಇಳಿದಿದ್ದಿತು. ಸತ್ತವರೆಷ್ಟೋ, ಬಿಟ್ಟುಹೋದವರೆಷ್ಟೋ, ಈ ಅಂಕಿಯಲ್ಲಿ ಇಬ್ಬರೂ ಒಂದಾಗಿ ಸೇರಿಹೋಗಿರುವರು.

ಇಪ್ಪತ್ತು ವರ್ಷಗಳ ಮೇಲೆ ಬಂದ ಇನ್‌ಫ್ಲುಯೆಂಜಾ ಜ್ವರಕ್ಕೆ ಗುಡಿಸಲಿನ ಉಪಾಯವು ಫಲಿಸಲಿಲ್ಲ. ೧೯೧೮ರ ಬೇಸಗೆಯ ಕೊನೆಯಲ್ಲಿ ಮುಂಬಯಿಗೆ ಬಂದ ಆ ಜ್ವರವು ಮೊದಲು ಸೌಮ್ಯವಾಗಿದ್ದು, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಅತ್ಯುಗ್ರವಾಯಿತು. ಅದು ಉಸಿರಿನಿಂದ ಉಸಿರಿಗೆ ಹಬ್ಬುವ ರೋಗವಾದುದರಿಂದ ಜನರಿದ್ದೆಡೆಗಳಿಗೆಲ್ಲ ಅವರೊಡನೆಯೇ ಹೋಯಿತು. ಆ ವರ್ಷ ಮಳೆ ಕೈಕೊಟ್ಟಿದ್ದಿತು. ಮಹಾಯುದ್ಧದ ದೆಸೆಯಿಂದ ದವಸದ ಬೆಲೆಯು ಏರಿದ್ದಿತು. ಮೈಯಲ್ಲಿ ಕಸುವಿಲ್ಲದ ಜನರ ಮೇಲೆ ಜ್ವರವು ಬಿದ್ದಿತು. ಅದರ ಕ್ರೂರವಾದ ವಿಶೇಷವೇನೆಂದರೆ, ಮುದುಕರಿಗಿಂತ ಹೆಚ್ಚಾಗಿ ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ದುಡಿಯುವ ಗಂಡಸರನ್ನೂ ಮಕ್ಕಳನ್ನು ಹೊತ್ತುಹೆತ್ತು ಸಾಕುತ್ತಿದ್ದ ಹೆಂಗಸರನ್ನೂ ಅದು ಒಯ್ದಿತು. ಮನೆಯವರೆಲ್ಲರೂ ಒಂದೇ ವಾರದಲ್ಲಿ ಮಲಗಿದಾಗ ಒಲೆ ಹೊತ್ತಿಸುವವರಿಲ್ಲದೆ, ಬಾಯಿಗೆ ನೀರು ಬಿಡುವವರಿಲ್ಲದೆ ಬದುಕಬಹುದಾಗಿದ್ದವರೂ ಸತ್ತರು. ಔಷಧಿಯೆಂಬುದು ಆ ಜ್ವರಕ್ಕೆ ಇರಲಿಲ್ಲ. ಗಂಜಿಯೂ ಆರೈಕೆಯೂ ಮಾತ್ರವೇ ಇದ್ದ ಔಷಧಿ. ಅವೆರಡೂ ಬರಬೇಕಾದುದು ಅಡಿಗೆಯ ಮನೆಯಿಂದ. ಭರತಖಂಡದಲ್ಲಿ ಈ ಜ್ವರದಿಂದ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರೆಂಬುದನ್ನು ಅಂದಿನ ಲೆಕ್ಕಗಳು ಹೇಳುತ್ತವೆ. ಗಾಳಿಯಾಡದ ಒಳಮನೆಯಲ್ಲಿ ರೋಗಿಗಳ ಮಗ್ಗುಲಲ್ಲಿಯೇ ಹಗಲಿರುಳು ಇದ್ದವರು ಅವರಾದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈಗಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆಯು ೧೯೧೧ರಿಂದ ೧೯೨೧ರ ವರೆಗಿನ ದಶಕವೊಂದರಲ್ಲಿ ಮಾತ್ರ ಏರುವುದಕ್ಕೆ ಬದಲಾಗಿ ಸ್ವಲ್ಪ ಇಳಿಯಿತೆಂಬುದು ಆ ಜ್ವರದ ಉಗ್ರತೆಗೆ ಸಾಕ್ಷಿಯಾಗಿದೆ.

ಈ ಎರಡು ವ್ಯಾಧಿಗಳಿಗೂ ಮುಂಚಿನಿಂದಲೇ ಕನ್ನಡದ ಸಂಸಾರಗಳಿಗೆ ರೋಗಿಯನ್ನು ಬೇರೆಯಾಗಿಡುವ ಒಂದು ಕ್ರಮವು ತಿಳಿದಿದ್ದಿತು. ಮನೆಯಲ್ಲಿ ಯಾರಿಗಾದರೂ ‘ಅಮ್ಮ’ ಆದರೆ ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುವುದು, ಒಗ್ಗರಣೆ ಹಾಕದಿರುವುದು, ಹೊರಗಿನವರು ಒಳಗೆ ಬಾರದಿರುವುದು, ಮೈಗೆ ನೀರು ಹಾಕುವ ದಿನದ ವರೆಗೂ ಮನೆಯವರು ಶುಭಕಾರ್ಯಗಳಿಗೆ ಹೋಗದಿರುವುದು ಇವೆಲ್ಲ ನಡೆದುಬಂದ ಪದ್ಧತಿಗಳು. ಬಾಗಿಲ ಬೇವು ದೇವತೆಗೆ ಮರ್ಯಾದೆಯಾಗಿದ್ದಂತೆ ದಾರಿಹೋಕನಿಗೆ ಎಚ್ಚರಿಕೆಯೂ ಆಗಿದ್ದಿತು. ಕೊರೋನಾ ಕಾಲದಲ್ಲಿ ಇದನ್ನು ನೆನೆದು ಕೆಲವರು ಹಳೆಯ ಮಡಿಮೈಲಿಗೆಗಳೆಲ್ಲವೂ ಆರೋಗ್ಯಶಾಸ್ತ್ರವೇ ಎಂದು ಹೊಗಳಿದುದುಂಟು. ಈ ವಾದವು ನಿಲ್ಲತಕ್ಕುದಲ್ಲ. ರೋಗಿಯಿಂದ ದೂರವಿರುವುದು ಕೆಲವು ದಿನಗಳ ಕಟ್ಟಳೆ. ಅದು ಎಲ್ಲ ಮನೆಗಳಿಗೂ ಸಮ, ರೋಗವು ವಾಸಿಯಾದೊಡನೆ ಮುಗಿಯುವುದು. ಹುಟ್ಟಿನಿಂದ ಮನುಷ್ಯರನ್ನು ದೂರವಿಟ್ಟ ಅಸ್ಪೃಶ್ಯತೆಗೆ ಅಂತಹ ಕೊನೆಯ ದಿನವೆಂಬುದೇ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯವಾಗುವುದು.

ಇನ್ನು ಕೊರೋನಾದ ವಿಚಾರ. ೨೦೨೦ರ ಜನವರಿ ೩೦ರಂದು ಕೇರಳದಲ್ಲಿ ಭಾರತದ ಮೊದಲನೆಯ ರೋಗಿಯು ಪತ್ತೆಯಾದನಂತರ, ಮಾರ್ಚ್ ತಿಂಗಳಲ್ಲಿ ದೇಶದ ಮೊದಲನೆಯ ಕೊರೋನಾ ಮರಣವು ಕಲಬುರಗಿಯಲ್ಲಿ ಸಂಭವಿಸಿತು. ಕರ್ನಾಟಕ ಸರ್ಕಾರವು ಆ ತಿಂಗಳಿನಲ್ಲಿಯೇ ನಿಯಮಗಳನ್ನು ಹೊರಡಿಸಿದುದು ೧೮೯೭ರ ಅದೇ ಹಳೆಯ ಕಾಯಿದೆಯ ಆಧಾರದ ಮೇಲೆ. ಮಾರ್ಚ್ ೨೨ರ ಜನತಾ ಕರ್ಫ್ಯೂವಿನ ಸಂಜೆ ಜನರು ಬಾಗಿಲುಗಳಲ್ಲಿ ನಿಂತು ತಟ್ಟೆ ಜಾಗಟೆಗಳನ್ನು ಬಾರಿಸಿದರು. ಮಾರ್ಚ್ ೨೪ರ ನಡುರಾತ್ರಿಯಿಂದ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ದೇಶಕ್ಕೆಲ್ಲ ವಿಧಿಸಲ್ಪಟ್ಟಿತು. ಮರುದಿನವೇ ಯುಗಾದಿ, ಹೊಸ ಸಂವತ್ಸರದ ಹೆಸರು ಶಾರ್ವರಿ, ಎಂದರೆ ರಾತ್ರಿ. ಹೊಸ ಬಟ್ಟೆಯನ್ನು ಕೊಳ್ಳದೆ, ನೆಂಟರನ್ನು ಕರೆಯದೆ, ಹೂವಿನವಳು ಬಾರದ ಆ ಬೆಳಗಿನಲ್ಲಿ ಮನೆಯವರು ತಮ್ಮತಮ್ಮಷ್ಟಕ್ಕೆ ಬೇವುಬೆಲ್ಲವನ್ನು ತಿಂದರು. ಅನೇಕ ಹಳ್ಳಿಗಳು ಊರ ದಾರಿಗೆ ಮುಳ್ಳುಬೇಲಿಯನ್ನು ಹಾಕಿಕೊಂಡವು. ಪ್ಲೇಗಿನ ದಿನಗಳಲ್ಲಿ ಊರನ್ನು ಬಿಟ್ಟು ಹೊರಗೆ ಹೋದವರ ಮೊಮ್ಮಕ್ಕಳು ಈಗ ಹೊರಗಿನಿಂದ ಯಾರೂ ಒಳಗೆ ಬಾರದಂತೆ ಕಾದರು.

ಆ ದಿನಗಳ ದಿನಚರಿಯು ಮಾರ್ಪಟ್ಟ ಬಗೆಯನ್ನು ಇಲ್ಲಿ ಹೇಳಿಡುವುದು ಉಚಿತವಾಗಿದೆ. ಹಾಲಿನ ಪೊಟ್ಟಣವನ್ನು ಸೋಪಿನ ನೀರಿನಲ್ಲಿ ತೊಳೆದು ಒಳಗೆ ತರುವರು. ತರಕಾರಿಯನ್ನು ಉಪ್ಪು ಅರಿಶಿನಗಳ ನೀರಿನಲ್ಲಿ ನೆನೆಯಿಸಿ, ಪಡಸಾಲೆಯಲ್ಲಿ ಹಾಸಿದ ಪಂಚೆಯ ಮೇಲೆ ಆರಹಾಕುವರು. ಹೊರಗೆ ಹೋಗಿಬಂದವರು ಜಗುಲಿಯಿಂದ ನೇರವಾಗಿ ಬಚ್ಚಲಿಗೆ ಹೋಗಬೇಕು. ಹಳೆಯ ಸೀರೆಯನ್ನು ಕತ್ತರಿಸಿ ಮಾಸ್ಕ್‌ಗಳನ್ನು ಹೊಲಿಯುವರು. ಮೆಣಸು, ಶುಂಠಿ, ತುಳಸಿ, ಅಮೃತಬಳ್ಳಿಗಳ ಕಷಾಯವು ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ. ಅದು ರೋಗವನ್ನು ತಡೆಯಿತೆಂದು ಹೇಳಲು ಆಧಾರವಿಲ್ಲವಾದರೂ, ಏನನ್ನಾದರೂ ಮಾಡಿದೆವೆಂಬ ಧೈರ್ಯವನ್ನು ಅದು ಕೊಟ್ಟಿತು. ಮಧ್ಯಾಹ್ನಗಳಲ್ಲಿ ಚೌಕಾಬಾರ, ಅಳಗುಳಿಮಣೆಗಳು ಅಟ್ಟದಿಂದ ಇಳಿದುವು. ಮಾರ್ಚ್ ಕೊನೆಯಿಂದ ದೂರದರ್ಶನದಲ್ಲಿ ರಾಮಾಯಣವು ಮರಳಿ ಬಂದಿತು. ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳನ್ನು ಕಂಡು ಅಜ್ಜಿಯರಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಬಹುಕಾಲದಿಂದ ಹಬ್ಬಕ್ಕೆ ಮಾತ್ರ ಸೇರುತ್ತಿದ್ದ ಸಂಸಾರಗಳು ತಿಂಗಳುಗಟ್ಟಲೆ ಒಂದೇ ಪಂಕ್ತಿಯಲ್ಲಿ ಉಂಡವು.

ಆದರೆ ಆ ಪಂಕ್ತಿಗೆ ಬಡಿಸಿದವರಾರು? ಕೊರೋನಾಕ್ಕೆ ಮುಂಚೆ, ೨೦೧೯ರಲ್ಲಿ, ಕೇಂದ್ರ ಸರ್ಕಾರದವರು ಜನರ ಹೊತ್ತಿನ ಬಳಕೆಯನ್ನು ಕುರಿತು ಒಂದು ಸಮೀಕ್ಷೆಯನ್ನು ನಡೆಯಿಸಿದ್ದರು. ಕೂಲಿಯಿಲ್ಲದ ಮನೆಗೆಲಸವನ್ನು ಮಾಡುವವರ ಪೈಕಿ ಹೆಂಗಸರು ದಿನಕ್ಕೆ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ಅದರಲ್ಲಿ ಕಳೆಯುತ್ತಿದ್ದರೆಂದೂ, ಅಂತಹ ಕೆಲಸಕ್ಕೆ ದಿನದಲ್ಲಿ ಒಮ್ಮೆಯಾದರೂ ಕೈಹಾಕುತ್ತಿದ್ದವರು ಹೆಂಗಸರಲ್ಲಿ ನೂರಕ್ಕೆ ೮೧, ಗಂಡಸರಲ್ಲಿ ನೂರಕ್ಕೆ ೨೬ ಮಾತ್ರವೆಂದೂ ಅದರಿಂದ ತಿಳಿದುಬಂದಿತು. ಹೀಗೆ ಮೊದಲೇ ಒಂದು ಕಡೆಗೆ ವಾಲಿದ್ದ ತಕ್ಕಡಿಗೆ ಲಾಕ್‌ಡೌನ್ ಇನ್ನಷ್ಟು ಭಾರವನ್ನು ಹಾಕಿತು. ಶಾಲೆಯ ಬಿಸಿಯೂಟ, ಕಚೇರಿಯ ಕ್ಯಾಂಟೀನು, ಹೋಟೆಲು ಇವುಗಳಲ್ಲಿ ಬೇಯುತ್ತಿದ್ದ ಅನ್ನವೆಲ್ಲ ಮನೆಯ ಒಲೆಗೆ ಬಂದಿತು. ಮನೆಗೆಲಸದವಳು ಬರುವಂತಿರಲಿಲ್ಲ, ಅವಳ ಮನೆಯಲ್ಲಿಯಾದರೋ ಸಂಬಳವೇ ನಿಂತಿದ್ದಿತು. ಗಂಡಸರು ಒಗೆಯಲೂ ಹೆಚ್ಚಿಕೊಡಲೂ ಕಲಿತ ಮನೆಗಳಿರಲಿಲ್ಲವೆಂದಲ್ಲ. ಆದರೆ ಬಾಗಿಲು ಮುಚ್ಚಿದ ಮನೆಯು ಎಲ್ಲರಿಗೂ ಆಶ್ರಯವಾಗಲಿಲ್ಲವೆಂಬುದಕ್ಕೆ, ೨೦೨೦ರ ಏಪ್ರಿಲ್ ತಿಂಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ದೌರ್ಜನ್ಯದ ದೂರುಗಳು ಹೆಚ್ಚಿದುದೇ ನಿದರ್ಶನ. ಹೊರಗೆ ವ್ಯಾಧಿ, ಒಳಗೆ ಹೊಡೆತ ಎಂಬಂತಾದವರು ತವರಿಗೂ ಹೋಗಲಾರದೆ ಉಳಿದರು.

ಮಕ್ಕಳ ವಿದ್ಯಾಭ್ಯಾಸವೂ ಮನೆಗೇ ಬಂದಿತು. ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜೂನ್ ೨೫ಕ್ಕೆ ಮುಂದೆ ಹೋಯಿತು. ಚಂದನ ವಾಹಿನಿಯು ಪಾಠಗಳನ್ನು ಬಿತ್ತರಿಸಿತು. ‘ವಿದ್ಯಾಗಮ’ವೆಂಬ ಏರ್ಪಾಡಿನಲ್ಲಿ ಉಪಾಧ್ಯಾಯರು ಹಳ್ಳಿಗಳಿಗೆ ಹೋಗಿ ಮರದ ನೆರಳಿನಲ್ಲಿಯೂ ಗುಡಿಯ ಜಗುಲಿಯಲ್ಲಿಯೂ ಕಲಿಸಿದರು, ಸೋಂಕು ಹಬ್ಬುವುದೆಂಬ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳ್ಳವರ ಮನೆಯಲ್ಲಿ ಮಗುವಿಗೊಂದು ಮೊಬೈಲು. ಇಲ್ಲದವರ ಮನೆಯಲ್ಲಿ ಮೂರು ಮಕ್ಕಳಿಗೆ ಒಂದು, ಅದೂ ತಂದೆಯು ಕೆಲಸದಿಂದ ಬಂದ ಮೇಲೆ. ಮಲೆನಾಡಿನಲ್ಲಿ ಸಿಗ್ನಲ್ಲಿಗಾಗಿ ಮಕ್ಕಳು ಗುಡ್ಡವನ್ನು ಹತ್ತಿ ಕುಳಿತರು. ಒಂದೂವರೆ ವರ್ಷದಲ್ಲಿ ಅಕ್ಷರವನ್ನು ಮರೆತವರು ಕೆಲವರು, ಶಾಲೆಯನ್ನೇ ಮರೆತು ಕೂಲಿಗೂ ಮದುವೆಗೂ ಹೋದವರು ಕೆಲವರು.

‘ಮನೆಯಲ್ಲಿಯೇ ಇರಿ’ ಎಂಬ ಆಜ್ಞೆಯು, ಪ್ರತಿಯೊಬ್ಬರಿಗೂ ಇರತಕ್ಕ ಮನೆಯೊಂದುಂಟೆಂದು ಭಾವಿಸಿಕೊಂಡು ಹೊರಟುದಾಗಿತ್ತು. ೨೦೧೧ರ ಜನಗಣತಿಯ ಪ್ರಕಾರ ಭಾರತದ ಸಂಸಾರಗಳಲ್ಲಿ ನೂರಕ್ಕೆ ೩೭ರಷ್ಟು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು. ಮನೆಯ ಆವರಣದೊಳಗೇ ಕುಡಿಯುವ ನೀರಿದ್ದ ಸಂಸಾರಗಳು ಅರ್ಧಕ್ಕಿಂತಲೂ ಕಡಿಮೆ. ಒಂದೇ ಕೋಣೆಯಲ್ಲಿ ಆರು ಮಂದಿಯಿರುವಾಗ ರೋಗಿಯನ್ನು ಬೇರೆ ಇಡುವುದೆಲ್ಲಿ? ಬೀದಿಯ ನಲ್ಲಿಯಲ್ಲಿ ಸಾಲು ನಿಲ್ಲುವವರು ಗಂಟೆಗೊಮ್ಮೆ ಕೈತೊಳೆಯುವುದೆಂತು? ಬೆಂಗಳೂರಿನ ಕಟ್ಟಡದ ಕೆಲಸಗಾರರಿಗೆ ತಗಡಿನ ಶೆಡ್ಡು ಕೆಲಸದ ಜಾಗವೇ ಹೊರತು ಮನೆಯಾಗಿರಲಿಲ್ಲ. ಅವರ ಮನೆಯು ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ, ಒರಿಸ್ಸಾ ಬಿಹಾರಗಳಲ್ಲಿಯೋ ಇದ್ದಿತು. ಕೆಲಸವು ನಿಂತಾಗ ಅವರು ಗಂಟುಮೂಟೆಗಳನ್ನೂ ಮಕ್ಕಳನ್ನೂ ಹೊತ್ತು ನಡೆದೇ ಹೊರಟರು. ಆಜ್ಞೆಯನ್ನು ಮೀರಿದವರೆಂದು ಅವರನ್ನು ತಡೆದವರುಂಟು. ವಾಸ್ತವವಾಗಿ ಅವರು ಅದೇ ಆಜ್ಞೆಯನ್ನು ಪಾಲಿಸಲು, ಎಂದರೆ ಮನೆಯನ್ನು ಸೇರಲು ಹೊರಟವರಾಗಿದ್ದರು.

ಪ್ಲೇಗಿನ ಕಾಲದಂತೆ ಈಗಲೂ ಸರ್ಕಾರದ ಕಣ್ಣು ಹೊಸ್ತಿಲ ಮೇಲೆ ಬಿದ್ದಿತು. ಹೊರದೇಶದಿಂದ ಬಂದವರ ಕೈಮೇಲೆ ಮುದ್ರೆಯನ್ನೊತ್ತಿದರು. ಬಾಗಿಲಿಗೆ ಚೀಟಿಯನ್ನು ಅಂಟಿಸಿದರು. ಮನೆಯಲ್ಲಿಯೇ ಇರುವೆವೆಂಬುದಕ್ಕೆ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಮೊಬೈಲಿನಿಂದ ಕಳುಹಿಸಬೇಕೆಂದು ೨೦೨೦ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರವು ಕಟ್ಟಪ್ಪಣೆ ಮಾಡಿತು. ಬಾಗಿಲ ಬೇವು ಗೌರವದ ಗುರುತಾಗಿದ್ದಿತು. ಬಾಗಿಲ ಚೀಟಿಯಾದರೋ ಅನೇಕ ಕಡೆ ನಾಚಿಕೆಯ ಗುರುತಾಯಿತು. ಆದರೆ ಒಂದು ಭೇದವನ್ನು ಮರೆಯಬಾರದು. ಪುಣೆಯಲ್ಲಿ ಬಾಗಿಲನ್ನು ತಟ್ಟಿದವನು ಸಿಪಾಯಿ. ೨೦೨೦ರಲ್ಲಿ ಕರ್ನಾಟಕದ ಬಾಗಿಲುಗಳನ್ನು ತಟ್ಟಿದವಳು ಹೆಚ್ಚಾಗಿ ಅದೇ ಊರಿನ ಆಶಾ ಕಾರ್ಯಕರ್ತೆ. ಸ್ವಲ್ಪ ಗೌರವಧನಕ್ಕೆ ದುಡಿಯುವ ಆ ಹೆಂಗಸು ತನ್ನ ಮನೆಯ ಒಲೆಯನ್ನು ಆರಿಸಿ, ಪರರ ಮನೆಯ ಜ್ವರವನ್ನು ಬರೆದುಕೊಳ್ಳಲು ಹೋಗುತ್ತಿದ್ದಳು.

೨೦೨೧ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಆಟಪಾಟಗಳ ಮಾತೇ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಮನೆಗಳೇ ಆಸ್ಪತ್ರೆಗಳಾದುವು. ಬೆರಳಿಗೆ ಸಿಕ್ಕಿಸಿ ಉಸಿರಿನ ಬಲವನ್ನು ಅಳೆಯುವ ಸಣ್ಣ ಯಂತ್ರವನ್ನು ಮನೆಯವರು ಹಗಲಿರುಳು ನೋಡುತ್ತ ಕುಳಿತರು. ಬಾಗಿಲ ಹೊರಗೆ ತಟ್ಟೆಯನ್ನಿಟ್ಟು ಸರಿಯುವುದೇ ಪ್ರೀತಿಯ ರೀತಿಯಾಯಿತು. ಸತ್ತವರನ್ನು ಮನೆಗೆ ತರುವಂತಿರಲಿಲ್ಲ. ಜಗುಲಿಯ ಮೇಲೆ ಮಲಗಿಸಿ, ಮೈತೊಳೆದು, ಬಾಯಿಗೆ ಅಕ್ಕಿ ಹಾಕಿ, ಹೆಗಲು ಕೊಟ್ಟು ಕಳುಹಿಸುವ ಕೊನೆಯ ಉಪಚಾರವೂ ಕುಟುಂಬದ ಕೈತಪ್ಪಿತು. ಆ ವರ್ಷದ ಜೂನ್ ತಿಂಗಳಲ್ಲಿ, ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಕೇಳಿ ಒಯ್ಯದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಆ ಅಸ್ಥಿಗಳನ್ನು ಕೇಳಿಕೊಂಡು ಬಾರದವರನ್ನು ನಿಷ್ಠುರರೆನ್ನುವುದಕ್ಕೆ ಮುಂಚೆ, ಅವರಲ್ಲಿ ಎಷ್ಟು ಮಂದಿ ತಾವೇ ಜ್ವರದಲ್ಲಿ ಮಲಗಿದ್ದರೋ, ಎಷ್ಟು ಮನೆಗಳಲ್ಲಿ ಬರತಕ್ಕವರೇ ಉಳಿದಿರಲಿಲ್ಲವೋ ಆಲೋಚಿಸಬೇಕಾಗಿದೆ.

ಮೂರು ವ್ಯಾಧಿಗಳ ಕಥೆಯಿಂದ ತಿಳಿಯಬರುವುದಿಷ್ಟು. ವೈದ್ಯಶಾಸ್ತ್ರವು ಔಷಧಿಯನ್ನು ಕೈಗೆ ಕೊಡುವವರೆಗೆ ಸಮಾಜವು ಬದುಕಿದುದು ಮನೆಯ ಬಲದಿಂದ. ಆ ಬಲವು ಎಲ್ಲ ಮನೆಗಳಿಗೂ ಸಮವಾಗಿರಲಿಲ್ಲ. ಒಂದೇ ಮನೆಯೊಳಗೂ ಅದರ ಭಾರವು ಎಲ್ಲರ ಹೆಗಲಿಗೂ ಸಮವಾಗಿ ಬೀಳಲಿಲ್ಲ. ಪ್ಲೇಗು ಇಕ್ಕಟ್ಟಾದ ಮನೆಯ ಕೇಡನ್ನು ತೋರಿಸಿಕೊಟ್ಟುದರಿಂದ ಬಡಾವಣೆಗಳು ಹುಟ್ಟಿದುವು. ಕೊರೋನಾ ತೋರಿಸಿಕೊಟ್ಟುದು ಒಂದೇ ಕೋಣೆಯ ಮನೆ, ನಲ್ಲಿಯಿಲ್ಲದ ಮನೆ, ಒಬ್ಬಳೇ ದುಡಿಯುವ ಅಡಿಗೆಯ ಮನೆ ಇವುಗಳ ಕೇಡನ್ನು. ಇದಕ್ಕೆ ತಕ್ಕ ಬಡಾವಣೆಯು ಇನ್ನೂ ಹುಟ್ಟಬೇಕಾಗಿದೆ.

ಪ್ಲೇಗಿನ ಗುಡಿಸಲಿನಲ್ಲಿ ಮಗುವನ್ನು ಹೆತ್ತವಳೂ ೧೯೧೮ರಲ್ಲಿ ಮನೆಮಂದಿಗೆಲ್ಲ ಗಂಜಿ ಕಾಯಿಸಿ ತಾನು ಮಡಿದವಳೂ ಏನನ್ನೂ ಬರೆದಿಡಲಿಲ್ಲ. ಅವರ ಮಾತನ್ನು ಕೇಳಿ ಬರೆದಿಟ್ಟವರೂ ಅತಿ ವಿರಳ. ಕೊರೋನಾ ಕಾಲದ ಸಾಕ್ಷ್ಯಗಳಾದರೋ ಇನ್ನೂ ಮನೆಮನೆಯಲ್ಲಿವೆ. ದಿನಸಿ ಅಂಗಡಿಯ ಚೀಟಿಗಳು, ಬಾಗಿಲಿಗೆ ಅಂಟಿಸಿದ್ದ ಕಾಗದ, ಸೀರೆಯಂಚಿನ ಮಾಸ್ಕ್, ಮೊಬೈಲಿನಲ್ಲಿ ಉಳಿದ ಕೊನೆಯ ಧ್ವನಿ, ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕು ಇವು ಶಾಸನಗಳಿಗಿಂತ ಕಡಿಮೆಯಾದ ಆಧಾರಗಳಲ್ಲ. ಶಿಲೆಯ ಮೇಲೆ ಬರೆದುದು ಸಾವಿರ ವರ್ಷ ನಿಲ್ಲುವುದು. ಇವು ಹತ್ತು ವರ್ಷವೂ ನಿಲ್ಲಲಾರವು. ಜಿಲ್ಲೆಜಿಲ್ಲೆಯ ಸಂಘಗಳು ಇವುಗಳನ್ನು ಈಗಲೇ ಕೂಡಿಸಿ, ಹಿರಿಯ ಹೆಂಗಸರ ಬಾಯಿಂದ ಆ ದಿನಗಳ ವೃತ್ತಾಂತವನ್ನು ಕೇಳಿ ಬರೆದಿಟ್ಟರೆ, ಮುಂದೊಂದು ಕಾಲದಲ್ಲಿ ಬಾಗಿಲು ಮುಚ್ಚಿಕೊಳ್ಳಬೇಕಾಗಿ ಬಂದವರಿಗೆ ಹಿಂದಿನವರು ಬದುಕಿದ ಬಗೆಯಾದರೂ ತಿಳಿದಿರುವುದು.